ಮುಖಪುಟದ ಗೂಡು

ಮುಖಪುಟ ನೋಡಿದ್ದೇ ತಡ, ಪಂಪ್‌ಹೌಸ್ ಅಕ್ಕನ ಮುಖದಲ್ಲಿದ್ದ ನಗು ಮಾಯವಾಯಿತು.

"ಹೇಗಿದೆ? ಕಣ್ಣಿಗೆ ಹಬ್ಬ ಅಲ್ವಾ?" ಎಂದರು ಪ್ರಕಾಶಕರು. ಪಕ್ಕದಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿದ್ದ ಫೋಟೋಗ್ರಾಫರ್, ಅಂದರೆ ಅವರ ಭಾಮೈದ, ಹೊಗಳಿಕೆಗೆ ಕಾಯುತ್ತಾ ಕುತ್ತಿಗೆ ಉದ್ದ ಮಾಡಿದ.

ಹಬ್ಬವೇನೋ ಸರಿ. ದರ್ಜಿ ಹಕ್ಕಿಯ ಮೂರು ಮರಿಗಳು ಗೂಡಿನಲ್ಲಿ ಬಾಯಿ ಅಗಲಿಸಿ ಕೂತಿದ್ದವು. ತಾಯಿ ಹುಳು ಕಚ್ಚಿಕೊಂಡು ಬಂದಿತ್ತು. ಮರಿಗಳ ಹೊಟ್ಟೆ, ಮಡಚಿದ ಕಾಲು ಎಲ್ಲ ಕಾಣುತ್ತಿತ್ತು. ಅದಕ್ಕೇ ಅಕ್ಕನಿಗೆ ಕಸಿವಿಸಿಯಾದದ್ದು. ಈ ಹಕ್ಕಿ ಎಲೆಗಳ ಅಂಚಿಗೆ ತೂತು ಕೊರೆದು, ನಾರಿನಿಂದ ಹೊಲಿದು, ಜೇಬಿನಂಥ ಗೂಡು ಮಾಡುತ್ತದೆ. ಹೊರಗೆ ನಿಂತವರಿಗೆ ಮರಿಯ ಕೊಕ್ಕಿನ ತುದಿ ಕಂಡರೆ ಹೆಚ್ಚು. ಊರಿಗೆ ನೀರು ಬಿಡುವ ಪಂಪು ನಡೆಸುತ್ತಾ, ಬಿಡುವು ಸಿಕ್ಕಾಗಲೆಲ್ಲ ಬೇಲಿಯ ಪಕ್ಕ ಕೂತು, ಹನ್ನೊಂದು ವರ್ಷ ಹಕ್ಕಿ ನೋಡಿ ಈ ಪುಸ್ತಕ ಬರೆದವಳಿಗೆ ಇಷ್ಟೂ ಗೊತ್ತಿರುವುದಿಲ್ಲವೇ?

ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದಳು. ಎಲೆಯ ಅಂಚಿನಲ್ಲಿ ಸಾಲಾಗಿ ತೂತುಗಳಿದ್ದವು, ನಾರು ಮಾತ್ರ ಇರಲಿಲ್ಲ.

"ಹೊಲಿಗೆ ಬಿಚ್ಚಿದ್ಯೇನೋ?"

"ಬಿಚ್ಚಿದ್ದಲ್ಲ ಅಕ್ಕಾ. ಮುಂದಿನ ಎಲೆ ಅಡ್ಡ ಬರ್ತಿತ್ತು, ಕತ್ರಿಯಲ್ಲಿ ಸ್ವಲ್ಪ ಬಿಡಿಸ್ದೆ ಅಷ್ಟೆ. ಮರಿಗಳ ಮೇಲೆ ಬೆಳಕು ಬೀಳ್ಬೇಕಲ್ಲ? ಎಲ್ಲರೂ ಮಾಡೋದೇ."

"ಆಮೇಲೆ ಮುಚ್ಚಿದ್ಯಾ?"

"ಅಯ್ಯೋ, ಅದನ್ನ ಹೇಗೆ ಮುಚ್ಚೋದು? ನಾನೇನು ಹಕ್ಕೀನಾ?" ಎಂದು ನಕ್ಕ. ಪ್ರಕಾಶಕರೂ ನಕ್ಕರು.

ಅಕ್ಕನ ಮೈಯೆಲ್ಲ ಉರಿದುಹೋಯಿತು. ಅವನು ಬಂದುಹೋದ ಮಾರನೆಯ ದಿನ ಆ ಮೂರೂ ಮರಿಗಳು ಬಾಯ್ತೆರೆದ ಗೂಡಿನಲ್ಲಿ ಬಿಸಿಲಿಗೆ ಒಣಗಿ ಸತ್ತಿದ್ದವು, ಇರುವೆ ಮುತ್ತಿತ್ತು. ತಾಯಿ ಹಕ್ಕಿ ಬಾಯಲ್ಲಿ ಹುಳು ಹಿಡಿದುಕೊಂಡೇ ಕೊಂಬೆಯಿಂದ ಕೊಂಬೆಗೆ ಹಾರಾಡುತ್ತಿತ್ತು. ಬೇಲಿ ಕತ್ತರಿಸುವ ಮಾಲಿಯದೇ ಈ ಕೆಲಸ ಎಂದುಕೊಂಡು ಅವಳು ಅವನಿಗೆ ಬಾಯಿಗೆ ಬಂದಂತೆ ಬೈದಿದ್ದಳು. ಪಾಪ, ಆ ಮನುಷ್ಯ ಏನೂ ಅರ್ಥವಾಗದೆ ಕಣ್ಣು ಕಣ್ಣು ಬಿಟ್ಟಿದ್ದ. ಹಕ್ಕಿ ಪುಸ್ತಕಕ್ಕೆ ಚಿತ್ರ ತೆಗೆಯಲು ಬಂದವನ ಮೇಲೆ ಅನುಮಾನ ಬರುವುದಾದರೂ ಹೇಗೆ? ಅವನಿಗೆ ಅವಳೇ ಗೇಟು ತೆಗೆದು, ಗೂಡು ತೋರಿಸಿ, ಚಹಾ ಕೊಟ್ಟು ಪಂಪಿನ ಕೆಲಸಕ್ಕೆ ಹೋಗಿದ್ದಳು.

"ಸತ್ತುಹೋದ್ವು ಕಣೋ," ಎಂದಳು. "ಮೂರೂ."

ಫೋಟೋಗ್ರಾಫರ್ ಮೇಲಿಟ್ಟ ಕಾಲು ಕೆಳಗಿಳಿಸಿದ. ಪ್ರಕಾಶಕರು ಗಂಟಲು ಸರಿಮಾಡಿಕೊಂಡರು. "ಛೆ, ಹಾಗಾಗ್ಬಾರ್ದಿತ್ತು. ಆದದ್ದು ಆಗಿಹೋಯ್ತು, ಏನ್ಮಾಡೋದು? ಆದ್ರೆ ಒಂದು ವಿಷಯ ನೋಡಿ. ನಲವತ್ತೊಂದನೇ ಪುಟದಲ್ಲಿ 'ಯಾವ ಕಾರಣಕ್ಕೂ ಗೂಡನ್ನು ಮುಟ್ಟಬೇಡಿ' ಅಂತ ಬರ್ದಿದ್ದೀರಿ. ನಾಳೆ ಯಾರಾದ್ರೂ ತಿಳಿದವರು ಮುಖಪುಟ ನೋಡಿ ತಗಾದೆ ತೆಗೆದ್ರೆ ಕಷ್ಟ. ಆ ಒಂದು ಸಾಲು ತೆಗೆದುಬಿಡೋಣ. ಆಗ ರಗಳೆನೇ ಇರಲ್ಲ."

ಅಕ್ಕನಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. "ಸಾಲು ಯಾಕೆ ತೆಗೀಬೇಕು? ಈ ಚಿತ್ರ ತೆಗೀರಿ!"

"ಚಿತ್ರ ಹೋದ್ರೆ ಪುಸ್ತಕಾನೂ ಹೋಯ್ತು ಅಂತಲೇ ತಿಳ್ಕೊಳ್ಳಿ. ಅಂಗಡಿಯವರು ಒಪ್ಪಿರೋದೇ ಇದನ್ನ ನೋಡಿ. ಹಕ್ಕಿ ಪುಸ್ತಕಾನ ಜನ ಓದೋಕೆ ಕೊಳ್ತಾರಾ ಅಕ್ಕಾ? ಬಂದವರಿಗೆ ಕಾಣೋ ಹಾಗೆ ಟೀಪಾಯಿ ಮೇಲೆ ಇಡೋಕೆ ಕೊಳ್ತಾರೆ. ಹನ್ನೊಂದು ವರ್ಷದ ಕೆಲಸ ನೀರಲ್ಲಿ ಹೋಮ ಮಾಡ್ಬೇಡಿ. ಅಷ್ಟಕ್ಕೂ," ಎಂದು ದನಿ ತಗ್ಗಿಸಿದರು, "ಆ ಗೂಡು ಇವನಿಗೆ ತೋರಿಸಿದ್ದು ನೀವೇ ತಾನೇ?"

ಆ ಮಾತು ನಾಟಿತು. ಅಕ್ಕ ತಲೆ ತಗ್ಗಿಸಿ ಮುಖಪುಟವನ್ನೇ ನೋಡಿದಳು. ಒಪ್ಪಿಗೆ ಸಿಕ್ಕಿತೆಂದು ತಿಳಿದ ಪ್ರಕಾಶಕರು ಲವಲವಿಕೆಯಿಂದ ಕರಡು ಪ್ರತಿಯನ್ನು ಅವಳ ಮುಂದೆ ಸರಿಸಿ, ಪೆನ್ನು ಕೊಟ್ಟರು. ಮುದ್ರಣಕ್ಕೆ ಹೋಗುವ ಮುನ್ನ ಲೇಖಕರು ಸಹಿ ಹಾಕಲೇಬೇಕು, ಅದು ಅವರ ಕಚೇರಿಯ ಪದ್ಧತಿ. ಸಹಿಗೂ ಮುಂಚೆ ತಿದ್ದಿದ್ದೆಲ್ಲ ಇದ್ದ ಹಾಗೇ ಅಚ್ಚಾಗಬೇಕು, ಅದೂ ಪದ್ಧತಿಯೇ.

ಅಕ್ಕ ನಲವತ್ತೊಂದನೇ ಪುಟದ ತಂಟೆಗೇ ಹೋಗಲಿಲ್ಲ. ಮುದ್ರಣದ ವಿವರಗಳಿರುವ ಮೊದಲ ಪುಟ ತೆರೆದಳು. 'ಮುಖಪುಟ ಚಿತ್ರ' ಎಂಬುದರ ಮುಂದೆ ಇದ್ದ ಭಾಮೈದನ ಹೆಸರಿನ ಕೆಳಗೆ, ಗುಂಡು ಅಕ್ಷರಗಳಲ್ಲಿ, ನಿಧಾನವಾಗಿ ಬರೆದಳು. ಕೆಳಗೆ ಸಹಿ ಹಾಕಿದಳು.

"ತಗೊಳ್ಳಿ ಸಾರ್. ಚಿತ್ರ ಇರ್ಲಿ, ಸಾಲೂ ಇರ್ಲಿ. ಇದನ್ನೂ ಸೇರಿಸಿ ಅಚ್ಚು ಹಾಕಿ."

ಪ್ರಕಾಶಕರು ಕನ್ನಡಕ ಏರಿಸಿಕೊಂಡು ಜೋರಾಗಿಯೇ ಓದತೊಡಗಿದರು, ಬರಬರುತ್ತಾ ದನಿ ಇಳಿಯಿತು:

"ಈ ಚಿತ್ರಕ್ಕಾಗಿ ಗೂಡಿನ ಹೊಲಿಗೆ ಕತ್ತರಿಸಲಾಗಿದೆ. ಮಾರನೆಯ ದಿನ ಮೂರೂ ಮರಿಗಳು ಸತ್ತಿದ್ದವು. ಗೂಡು ತೋರಿಸಿದವಳು, ಲೇಖಕಿ."