ಬಣ್ಣ ತಾಕದ ಜಾಗ

ಮೀಟರಿನಲ್ಲಿ ಮೂರನೆಯ ಸಲವೂ ಕೆಂಪು ದೀಪವೇ ಹತ್ತಿತು.

ದಾಬಸ್‌ಪೇಟೆಯ ಆ ಪುಟ್ಟ ಕಾರ್ಖಾನೆಯ ಮುದ್ದೆ ತಿರುವುವ ಯಂತ್ರವನ್ನು ಪರೀಕ್ಷಿಸಲು ಮಧ್ಯಾಹ್ನ ಅಧಿಕಾರಿ ಬರುವವರಿದ್ದರು. ಅವರು ಒಪ್ಪಿದರೆ ಸುರಕ್ಷತೆಯ ಸರ್ಟಿಫಿಕೇಟು. ಒಪ್ಪದಿದ್ದರೆ ಇನ್ನಾರು ತಿಂಗಳು ಒಂದು ಯಂತ್ರವನ್ನೂ ಮಾರುವಂತಿಲ್ಲ. ಅಲ್ಲಿ ವೈರಿಂಗ್ ಕೆಲಸ ನೋಡಿಕೊಳ್ಳುವ ಮಮತ ಮೀಟರಿನ ಒಂದು ಕ್ಲಿಪ್ಪನ್ನು ಪ್ಲಗ್ಗಿನ ಅರ್ತ್ ಪಿನ್ನಿಗೆ, ಇನ್ನೊಂದನ್ನು ಪಾತ್ರೆಯ ಸ್ಟೀಲು ಅಂಚಿಗೆ ಮತ್ತೆ ಕಚ್ಚಿಸಿದಳು. ಒಳಗೆಲ್ಲಾದರೂ ಕರೆಂಟು ಸೋರಿದರೆ ಅದು ಒದ್ದೆ ಕೈಯ ಹೆಣ್ಣುಮಗಳನ್ನು ಹಿಡಿಯದೆ ಸೀದಾ ಭೂಮಿಗೆ ಇಳಿದುಹೋಗಬೇಕು. ಆ ದಾರಿ ತೆರೆದಿದ್ದರೆ ಹಸಿರು ದೀಪ. ಹತ್ತಿದ್ದು ಕೆಂಪೇ.

“ನಿನ್ನೆ ಹಸ್ರು ಬಂದಿತ್ತಲ್ಲಮ್ಮಾ!” ಮಾಲೀಕ ಚಲಪತಿ ತಲೆಯ ಮೇಲೆ ಕೈಹೊತ್ತ. “ಬೆಳಗಾಗೋದ್ರಲ್ಲಿ ಏನಾಯ್ತು ಇದಕ್ಕೆ? ದೃಷ್ಟಿ ಗಿಷ್ಟಿ ತಾಕ್ತಾ?”

“ದೃಷ್ಟಿ ಅಲ್ಲ ಸಾರ್, ಯಾರದೋ ಕೈ ತಾಕೈತೆ,” ಎಂದು ಮಮತ ಯಂತ್ರವನ್ನು ಮಗ್ಗುಲಾಗಿಸಿ ತಳದ ತಗಡು ಬಿಚ್ಚಿದಳು. ಅರ್ತ್ ವೈರನ್ನು ಬಿಗಿದ ಸ್ಕ್ರೂ ತೆಗೆದರೆ, ಅದರಡಿಯಲ್ಲಿ, ವೈರು ತಗಡನ್ನು ಮುಟ್ಟದಂತೆ, ಫಳಫಳ ಹೊಳೆಯುವ ನೀಲಿ ಬಣ್ಣ.

ಬಣ್ಣದ ಕೆಲಸದ ಚಿಕ್ಕಬೀರಪ್ಪ ಕೈ ಒರೆಸಿಕೊಳ್ಳುತ್ತಾ ಹತ್ತಿರ ಬಂದ. “ನಾನೇ ಕಣವ್ವ. ಆಫೀಸರ್ ಬಿಚ್ಚಿ ನೋಡ್ತಾರೆ ಅಂದ್ರಲ್ಲ. ಸ್ಕ್ರೂ ಅಡಿ ಬೋಳುಬೋಳಾಗಿ ಕಾಣ್ತಿತ್ತು. ಮರ್ವಾದೆ ಹೋಗ್ಬಾರ್ದು ಅಂತ ಬಿಚ್ಚಿ ಎರಡು ಕೋಟು ಹೊಡ್ದೆ. ಒಣಗಿದ ಮೇಲೆ ಬಿಗಿಯಾಗೇ ಹಾಕಿವ್ನಿ.”

“ಅಯ್ಯೋ ಪುಣ್ಯಾತ್ಮ!” ಚಲಪತಿ ಕುರ್ಚಿಯಲ್ಲಿ ಕುಸಿದ. “ನಿನ್ ಮರ್ವಾದೆ ಉಳೀತು ಕಣಯ್ಯಾ, ನನ್ ಕಾರ್ಖಾನೆ ಹೋಯ್ತು.”

ಮಮತಳಿಗೆ ನಗು ಬಂತು. ಅವಳದೂ ಬೀರಪ್ಪನ ಊರೇ. “ತಾತ, ವರ್ಷ ವರ್ಷ ಊರಮ್ಮನಿಗೆ ಬಣ್ಣ ಬಳಿಯೋರು ನೀವೇ ತಾನೆ? ಪಾದಕ್ಕೂ ಬಳೀತೀರಾ?”

“ಬಿಡ್ತು ಅನ್ನು! ಕಿರೀಟದಿಂದ ಕಾಲಂದಿಗೆ ತನಕ ಬಳೀತೀನಿ, ಪಾದಕ್ಕೆ ಮಾತ್ರ ಕುಂಚ ತಾಕ್ಸಾಕಿಲ್ಲ. ಅಮ್ಮ ಮಣ್ಣು ಮುಟ್ಟಿರ್ಬೇಕು. ಊರಿಗೆ ಬಂದ ಕೆಟ್ಟದ್ದೆಲ್ಲಾ ಅವಳ ಮೈಮೇಲಿಂದ ಭೂಮ್ತಾಯಿಗೆ ಇಳೀಬೇಕಲ್ಲ...”

ಅವನು ಸ್ಕ್ರೂವಿನ ಜಾಗವನ್ನೇ ನೋಡಿದ. ಯಾರೂ ಹೇಳುವ ಮೊದಲೇ ಚಪ್ಪಲಿ ಬಿಟ್ಟು, ನೆಲದ ಮೇಲೆ ಕೂತು, ಬ್ಲೇಡಿನಿಂದ ಬಣ್ಣ ಕೆರೆಯತೊಡಗಿದ. ತಗಡು ಬೆಳ್ಳಗೆ ಕಂಡಿತು. ಮಮತ ವೈರು ಬಿಗಿದು, ಕ್ಲಿಪ್ಪು ಕಚ್ಚಿಸಿ, ಗುಂಡಿ ಒತ್ತಿದಳು.

ಹಸಿರು.

“ಪಾದ ಎಲ್ಲೈತೆ ಅಂತ ಮೊದ್ಲೇ ತೋರ್ಸಿದ್ರೆ ನಾನ್ಯಾಕವ್ವ ಬಳೀತಿದ್ದೆ?” ಎಂದು ಬೀರಪ್ಪ ಅವಳನ್ನೇ ಗದರಿದ.

ಮಧ್ಯಾಹ್ನ ಅಧಿಕಾರಿ ಎಲ್ಲ ನೋಡಿ, ಸಹಿ ಹಾಕಿ, ಹೊರಡುವಾಗ ಬಣ್ಣದ ಶೆಡ್ಡಿನ ಮುಂದೆ ಒಂದು ಗಳಿಗೆ ನಿಂತರು. ಸಾಲಾಗಿ ಇಟ್ಟ ಹೊಸ ಯಂತ್ರಗಳ ಬರಿಮೈ. ಮುದುಕ ಒಂದೊಂದರ ತಳದಲ್ಲೂ ಬೊಟ್ಟಿನಗಲ ಟೇಪು ಅಂಟಿಸಿ, ಅಂಟಿಸಿದ ಬೆರಳನ್ನು ಕಣ್ಣಿಗೊತ್ತಿಕೊಂಡು, ಆಮೇಲಷ್ಟೇ ಬಣ್ಣ ಎತ್ತಿಕೊಳ್ಳುತ್ತಿದ್ದ.

“ಅದೇನಮ್ಮ ಮಾಡ್ತಿರೋದು ಅವರು?”

“ಬಣ್ಣ ಬೀಳ್ದಂಗೆ ಪಾದ ಮುಚ್ತಾವ್ರೆ ಸಾರ್,” ಎಂದಳು ಮಮತ.