ಎರಡನೆಯ ಹೋಳಿಗೆ

ರುದ್ರಮುನಿಯವರು ಎರಡನೆಯ ಹೋಳಿಗೆ ತಿನ್ನಬೇಕೋ ಬೇಡವೋ ಎಂಬ ಗಹನವಾದ ಪ್ರಶ್ನೆ ಎದ್ದದ್ದರಿಂದ ಮನೆಮಂದಿಯೆಲ್ಲ ಊಟದ ನಡುವೆ ಕೈ ತಡೆದು ಕೂತರು. ಒಬ್ಬರ ಕಾಯಿಲೆಯನ್ನು ಮನೆಯ ಇನ್ನೊಬ್ಬರಿಗೆ ದಾಟಿಸುವ ತೋಳುಪಟ್ಟಿ ಅಂಗಡಿಗೆ ಬಂದ ಮೇಲೆ ಇಂಥ ಪ್ರಶ್ನೆಗಳು ಸೊಸೆ ನೀಲಾಂಬಿಕೆಯ ತೋಳಿನಲ್ಲೇ ಬಗೆಹರಿಯುತ್ತಿದ್ದವು.

"ಇನ್ನೊಂದ್ ಸಲ ಮಾವಾರ ಸಕ್ಕರೆ ಕಾಯಿಲೆ ನಾ ತಗಂಡ್ರೆ ನನ್ನ ಕಾಲು ಉಳಿಯಲ್ಲ ಅಂದಾರೆ ಡಾಕ್ಟ್ರು," ಎಂದಳು.

"ಡಾಕ್ಟ್ರು ಹಂಗೇ ಅಂತಿರ್ತಾರೆ. ಹಬ್ಬದ ದಿನ ಹಿರೇರ ಬಾಯಿ ಕಟ್ತಾರೇನು," ಎಂದರು ಅತ್ತೆ.

ನೀಲಾಂಬಿಕೆ ಗಂಡನ ಮುಖ ನೋಡಿದಳು. ಹೋದ ವರ್ಷದಿಂದ ಅವನ ಬಿ.ಪಿ.ಯೂ ಅವಳಲ್ಲೇ ಇತ್ತು. ಅವನು ತುಪ್ಪದ ಗಿಂಡಿಯನ್ನು ಅಪ್ಪನ ಕಡೆ ಸರಿಸಿದ.

ಅವಳು ಪಟ್ಟಿ ಕಟ್ಟಿಕೊಂಡಳು. ಮಾವ ಹೂರಣ ತುಸು ಗಟ್ಟಿಯಾಯಿತೆಂದು ಹೋಳಿಗೆಯನ್ನು ಅರ್ಧಕ್ಕೇ ಬಿಟ್ಟರು.

ಮುಂದಿನ ವಾರ ಅವಳ ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು.