ಬರೆದವರನ್ನು ಕೇಳದೆ

ಎಂಟನೇ ತರಗತಿಯ ಬಾಯಿಬಡುಕಿ ಕಂಪ್ಯೂಟರಿನ ಪುಟದಲ್ಲಿ ಬರೆದ ಸಾಲನ್ನು ಪ್ರಿನ್ಸಿಪಾಲರು ಅಳಿಸಿದರು.

ಮೊದಲ ಪೀರಿಯಡ್ ಮುಗಿಯುವುದರೊಳಗೆ ಅದು ಮತ್ತೆ ಅಲ್ಲೇ ಇತ್ತು. ಅದೇ ಜಾಗ, ಅದೇ ನೀಲಿ ಅಕ್ಷರ, ಪಕ್ಕದಲ್ಲಿ ಅವಳದೇ ಹೆಸರು. ಅವರು ಮತ್ತೆ ಅಳಿಸಿದರು. ಅದು ಮತ್ತೆ ಬಂತು. ಊಟದ ಬಿಡುವಿನ ಹೊತ್ತಿಗೆ ಅವರ ಸಹನೆ ಮುಗಿದು, ವಿಜ್ಞಾನದ ಟೀಚರಿಗೆ ಬುಲಾವ್ ಹೋಯಿತು.

"ಏನಮ್ಮಾ ಇದು? ನಾನು ಅಳಿಸೋದು, ಅದು ಹುಟ್ಟೋದು. ಗರಿಕೆ ಹುಲ್ಲಾ?"

"ಎಲ್ಲರೂ ಸೇರಿ ಬರೆಯೋ ಪುಟ ಸರ್. ಹಳೇ ಪ್ರತಿ ಒಳಗೇ ಇರುತ್ತೆ. ಮಕ್ಕಳಲ್ಲಿ ಯಾರು ಬೇಕಾದ್ರೂ ವಾಪಸ್ ತರಬಹುದು."

"ಯಾರು ತರ್ತಿರೋದು?"

"ಗೊತ್ತಿಲ್ಲ ಸರ್."

ಆ ಪುಟ ಟೀಚರೇ ಶುರುಮಾಡಿದ್ದು. ಎಂಟನೇ ತರಗತಿಯ ಮಕ್ಕಳು ಪ್ರತಿ ಪಾಠವನ್ನೂ ತಾವೇ ಸೇರಿ ಬರೆಯಬೇಕು. ಒಬ್ಬರದು ಚಿತ್ರ, ಒಬ್ಬರದು ಉದಾಹರಣೆ, ಇನ್ನೊಬ್ಬರದು ತಕರಾರು. ಶಾಲೆಯಲ್ಲಿ ಟ್ಯಾಬು, ಮನೆಯಲ್ಲಿ ಅಪ್ಪ-ಅಮ್ಮನ ಫೋನು. ಮೊದಮೊದಲು ಒಬ್ಬರು ಬರೆದದ್ದನ್ನು ಇನ್ನೊಬ್ಬರು ಅಳಿಸಿ, ಜುಟ್ಟು ಹಿಡಿದು ಜಗಳವಾಡಿದ್ದೂ ಉಂಟು. ಆಗ ಮಕ್ಕಳೇ ಕೂತು ಒಂದು ನಿಯಮ ಮಾಡಿಕೊಂಡರು: ಬರೆದವರನ್ನು ಕೇಳದೆ ಅವರ ಸಾಲನ್ನು ಯಾರೂ ಅಳಿಸಬಾರದು. ತರಗತಿಯ ವಾಟ್ಸಾಪ್ ಗುಂಪಿನಲ್ಲಿ ಹೆಸರು ಹಿಡಿದು ಕೇಳಬೇಕು. ಅವರು ಹೂಂ ಅನ್ನಬೇಕು.

ಪ್ರಿನ್ಸಿಪಾಲರಿಗೆ ಈ ನಿಯಮ ಬಲು ಹಿಡಿಸಿತ್ತು. ದೊಡ್ಡ ಅಕ್ಷರದಲ್ಲಿ ಗೋಡೆಗೆ ಅಂಟಿಸಿ, ಅದರ ಮುಂದೆ ಕೋಟು ಹಾಕಿ ನಿಂತು, ಫೋಟೋ ತೆಗೆಸಿ ಶಾಲೆಯ ಫೇಸ್‌ಬುಕ್ಕಿಗೆ ಏರಿಸಿದ್ದರು. 'ಪ್ರಜಾಪ್ರಭುತ್ವದ ಮೊದಲ ಪಾಠ ನಮ್ಮಲ್ಲಿ' ಎಂದು ತಾವೇ ಬರೆದಿದ್ದರು.

ಬಾಯಿಬಡುಕಿಯ ಸಾಲು ಇದ್ದದ್ದು ವಿದ್ಯುತ್ತಿನ ಪಾಠದಲ್ಲಿ. ವಿದ್ಯುತ್ ವಾಹಕಕ್ಕೆ ನೀವೇ ಕಂಡ ಉದಾಹರಣೆ ಕೊಡಿ ಎಂದರೆ ಉಳಿದವರೆಲ್ಲ ತಾಮ್ರ, ಕಬ್ಬಿಣ, ಉಪ್ಪುನೀರು ಎಂದು ಪುಸ್ತಕದಿಂದ ಇಳಿಸಿದ್ದರು. ಅವಳು ಬರೆದದ್ದು ಇಷ್ಟು: 'ನಮ್ಮ ಕಾರಿಡಾರಿನ ಕೂಲರಿನ ನಲ್ಲಿ. ಮುಟ್ಟಿದರೆ ಕಚಗುಳಿ ಇಡುತ್ತೆ. ಕೈ ಒದ್ದೆಯಾಗಿದ್ದರೆ ಇನ್ನೂ ಜೋರಾಗಿ ಇಡುತ್ತೆ.'

ಕೆಳಗೆ ನಗುವ ಮುಖಗಳ ಮೆರವಣಿಗೆ. ಟೀಚರ್ ಹಾಕಿದ ಹಸಿರು ಗುರುತು, 'ಸ್ವಂತ ಉದಾಹರಣೆ, ಶಭಾಷ್.' ಅದರ ಪಕ್ಕ ಒಂದು ಕೆಂಪು ಹೃದಯ. ಒತ್ತಿದವರು ಪ್ರಿನ್ಸಿಪಾಲರು.

"ಓದಿ ಒತ್ತಿದ್ದಲ್ಲ ಅದು," ಎಂದರು ಅವರು. "ಮಕ್ಕಳು ಏನು ಬರೆದ್ರೂ ಒತ್ತುತ್ತಾ ಹೋಗ್ತೀನಿ. ಪ್ರೋತ್ಸಾಹ ಇರಲಿ ಅಂತ."

"ನಾನು ಓದಿದ್ದೆ ಸರ್."

ಪ್ರಿನ್ಸಿಪಾಲರು ಆ ಮಾತನ್ನು ಕೇಳಿಸಿಕೊಳ್ಳಲಿಲ್ಲ. "ಮಧ್ಯಾಹ್ನ ಅಧಿಕಾರಿಗಳು ವಿಚಾರಣೆಗೆ ಬರ್ತಾರೆ. ಕಂಪ್ಯೂಟರೂ ನೋಡ್ತಾರೆ. ಒಂದು ಹುಡುಗಿಯ ತಲೆಹರಟೆಗೆ ಇಡೀ ಸ್ಕೂಲಿನ ಮಾನ ಬೀದಿಗೆ ಬೀಳಬೇಕಾ? ಆಗಿದ್ದು ಆಗಿಹೋಯ್ತು. ಈಗ ಅವಳು ನಮ್ಮ ಸ್ಕೂಲಿನವಳೂ ಅಲ್ಲ. ಹಾಜರಿಯಲ್ಲಿ ಹೆಸರು ಹೊಡೆದಾಯ್ತು, ಅವರಪ್ಪ ಬಂದು ಬ್ಯಾಗೂ ತಗೊಂಡು ಹೋದ್ರು."

ಹೌದು, ಅಪ್ಪ ಬಂದಿದ್ದರು. ಗಾರೆ ಕೆಲಸದವರು. ಸಿಮೆಂಟು ತಿಂದ ಬೆರಳುಗಳಿಂದ ಬ್ಯಾಗಿನ ಝಿಪ್ಪನ್ನು ಮೆಲ್ಲಗೆ ಎಳೆದು, ಯಾರ ಜೊತೆಗೂ ಮಾತಾಡದೆ ಮೆಟ್ಟಿಲಿಳಿದಿದ್ದರು. ಪ್ರಿನ್ಸಿಪಾಲರು ತಮ್ಮ ಕೋಣೆಯ ಬಾಗಿಲು ಹಾಕಿಕೊಂಡಿದ್ದರು.

"ಪುಟ ನಿಮ್ಮ ಹೆಸರಲ್ಲಿದೆಯಂತೆ. ನೀವು ತೆಗೆದ್ರೆ ಬೇರು ಸಮೇತ ಹೋಗುತ್ತಂತೆ. ಒಂದು ಗುಂಡಿ ಒತ್ತೋಕೆ ಏನು ಕಷ್ಟ, ತಾಯಿ? ನಿಮ್ಮ ಕೆಲಸ ಕಾಯಂ ಮಾಡೋ ಫೈಲು ಇಲ್ಲೇ ಇದೆ, ನನ್ನ ಮೇಜಿನ ಮೇಲೆ."

ಇಬ್ಬರೂ ತರಗತಿಗೆ ನಡೆದರು. ಕಾರಿಡಾರಿನ ತುಂಬ ಹೊಸ ಬಣ್ಣದ ವಾಸನೆ. ಒಳಗೆ ಬೆಂಚುಗಳ ಮೇಲೆ ಮನೆಯಿಂದ ತಂದ ನೀರಿನ ಬಾಟಲಿಗಳು. ಕಿಟಕಿಯ ಪಕ್ಕದ ಬೆಂಚಿನಲ್ಲಿ ಒಬ್ಬರು ಕೂರುವಷ್ಟು ಜಾಗ ಖಾಲಿ. ಬೇರೆ ಕಡೆ ಒತ್ತಿಕೊಂಡು ಕೂತಿದ್ದರೂ ಅಲ್ಲಿಗೆ ಯಾರೂ ಸರಿದಿರಲಿಲ್ಲ. ಗೋಡೆಯ ಪರದೆಯ ಮೇಲೆ ವಿದ್ಯುತ್ತಿನ ಪಾಠ. ನೀಲಿ ಸಾಲು ಇತ್ತು.

"ಇದನ್ನ ವಾಪಸ್ ತರ್ತಿರೋರು ಎದ್ದು ನಿಲ್ಲಿ."

ಬೆಂಚುಗಳು ಕಿರುಗುಟ್ಟಿದವು. ತರಗತಿಗೆ ತರಗತಿಯೇ ಎದ್ದು ನಿಂತಿತು.

"ಏ ಕನ್ನಡಕ, ನಿನಗೇನು ಬಂತೇ? ನೀನು ಜಾಣೆ ಅಂದ್ಕೊಂಡಿದ್ದೆ."

ಖಾಲಿ ಜಾಗದ ಪಕ್ಕದ ಹುಡುಗಿ ಕನ್ನಡಕ ಮೇಲೇರಿಸಿದಳು. "ರೂಲು ಸರ್. ನೀವೇ ಅದರ ಮುಂದೆ ಫೋಟೋ ತೆಗೆಸ್ಕೊಂಡಿದ್ರಲ್ಲ."

ಹಿಂದಿನಿಂದ ಒಂದು ನಗು ಕಿಸಕ್ಕೆಂದು ಅಲ್ಲೇ ನಿಂತಿತು.

"ನಾವು ಗುಂಪಲ್ಲಿ ಅವಳನ್ನ ಕೇಳಿದ್ವಿ ಸರ್," ಹುಡುಗಿಯ ದನಿ ಸಣ್ಣದಾಯಿತು. "ಅವಳು ಇನ್ನೂ ಹೂಂ ಅಂದಿಲ್ಲ."

"ರೂಲಂತೆ ರೂಲು! ಎಲ್ಲಾ ನೀವು ಕೊಟ್ಟ ಸಲಿಗೆ, ಮೇಡಂ. ಹೂಂ, ಒತ್ತಿ."

ಟೀಚರ್ ಮೌಸ್ ಹಿಡಿದರು. ಪುಟವನ್ನು ಶಾಶ್ವತವಾಗಿ ತೆಗೆದುಹಾಕಲೇ ಎಂದು ಪರದೆ ಕೇಳಿತು. ಬಾಣದ ಗುರುತು ಹೌದು ಎಂಬುದರ ಮೇಲೆ ಬಂದು ನಿಂತಿತು. ಪಕ್ಕದಲ್ಲೇ ಅವರದೇ ಶಭಾಷ್, ಹಸಿರಾಗಿ, ಕಣ್ಣಿಗೆ ರಾಚುವಂತೆ.

ಹೊರಗೆ ಗೇಟಿನ ಬಳಿ ಜೀಪು ನಿಂತ ಸದ್ದಾಯಿತು.

"ಬೇಗ!" ಎಂದರು ಪ್ರಿನ್ಸಿಪಾಲರು.

ಟೀಚರ್ ಮೌಸಿನಿಂದ ಕೈ ತೆಗೆದರು.

"ಆವತ್ತು ನಲ್ಲಿಗೆ ಅಂಟಿದ್ದ ಅವಳ ಬೆರಳುಗಳನ್ನ ಒಂದೊಂದಾಗಿ ಬಿಡಿಸಿದ್ದು ಈ ಕೈ, ಸರ್. ಬರೆದವಳು ಮಣ್ಣಲ್ಲಿದ್ದಾಳೆ, ಕೇಳೋಕಾಗಲ್ಲ. ನಾನು ಅಳಿಸಲ್ಲ."